ಓಣಿಯೊಳಗೆ ಖಾಜಾಬಿಯನ್ನು ಹುಡುಕಿದ ದುಂಡಪ್ಪ

ಹೂಂ ಅನ್ನುವವರು ಮುಂದೆ ಬಂದು ಕೂತುಕೊಳ್ಳಿ, ತೂಕಡಿಸುವವರು ಗೋಡೆ ಕಡೆ ಹೋಗಿ. ನಡುವೆ ಹೂಂ ಅನ್ನುವುದು ನಿಂತರೆ ನಾನೂ ನಿಲ್ಲಿಸಿಬಿಡುತ್ತೇನೆ. ಆಮೇಲೆ ದುಂಡಪ್ಪ ಏನಾದ ಅಂತ ನನ್ನ ಹಿಂದೆ ಬರಬೇಡಿ.

ಒಬ್ಬಳು ತಾಯಿ, ಒಬ್ಬ ಮಗ. ತಾಯಿ ಶಿವಗಂಗವ್ವ, ಮಗ ದುಂಡಪ್ಪ. ಶಿವಗಂಗವ್ವ ಹಳೇ ಸೀರೆ, ಹಳೇ ಧೋತರ ಕತ್ತರಿಸಿ, ಪದರದ ಮೇಲೆ ಪದರ ಇಟ್ಟು ಕೌದಿ ಹೊಲಿಯುವವಳು. ದುಂಡಪ್ಪ ಇಪ್ಪತ್ನಾಲ್ಕು ವರ್ಷದ ಗಟ್ಟಿ ಆಳು, ತಾಯಿ ಹೇಳಿದ್ದನ್ನು ಒಂದಕ್ಷರ ಬಿಡದೆ ಮಾಡುವವನು. ಅಂಥ ಮಗ ನಮಗೂ ಇರಬಾರದೇ ಅಂತೀರಿ. ಒಂದು ವಾರ ಇಟ್ಟುಕೊಂಡು ನೋಡಿ. "ಹಾಲು ಉಕ್ಕತೈತಿ, ನೋಡಕೋತ ಇರು" ಅಂದರೆ ಉಕ್ಕಿ ಒಲೆ ಆರುವವರೆಗೂ ನೋಡುತ್ತ ಇರುವವನು.

ಎದುರು ಮನೆಯಲ್ಲಿ ಖಾಜಾಬಿ ಇದ್ದಳು. ಮೂವತ್ತು ವರ್ಷ ಇಬ್ಬರೂ ಒಂದೇ ಕೌದಿಯ ಎರಡು ಮೂಲೆ ಹಿಡಿದು ಕೂತವರು. ಹೊಲಿದದ್ದು ಒಂದು ಮೊಳವಾದರೆ ಮಾತಾಡಿದ್ದು ಹತ್ತು ಮೊಳ. ಬೆಳಿಗ್ಗೆ ಜಗಳ, ಸಂಜೆ ರಾಜಿ, ಮರುದಿನ ಮತ್ತೆ ಜಗಳ. ಖಾಜಾಬಿ ಸೊಲ್ಲಾಪುರಕ್ಕೆ ಮಗಳ ಮನೆಗೆ ಹೋದ ಮೇಲೂ ಇದು ನಿಲ್ಲಲಿಲ್ಲ. ಊರಿಗೆ ಊರೇ ಸೇರಿಕೊಂಡಿದ್ದ ಒಂದು ದೊಡ್ಡ ಜಾಲತಾಣದಲ್ಲಿ ಇಬ್ಬರೂ ಕೌದಿಯ ಫೋಟೋ ಹಾಕಿಕೊಂಡು ಬೈದಾಡಿಕೊಂಡು ಸುಖವಾಗಿದ್ದರು.

ಒಂದು ದಿನ ಆ ಜಾಲತಾಣದವರು ಶಿವಗಂಗವ್ವನ ಖಾತೆಯನ್ನು ಮುಚ್ಚಿಬಿಟ್ಟರು. ಯಾಕೆ ಅಂದರೆ ಉತ್ತರವಿಲ್ಲ, ಯಾರನ್ನು ಕೇಳಬೇಕು ಅಂದರೆ ಆಳಿಲ್ಲ. ಖಾಜಾಬಿಯ ಫೋನ್ ನಂಬರು ಬದಲಾಗಿತ್ತು. ಕಾಗದ ಬರೆಯಬಹುದಿತ್ತಲ್ಲ ಅನ್ನಬೇಡಿ, ವಿಳಾಸ ಯಾರ ಹತ್ತಿರ ಇತ್ತು? ಶಿವಗಂಗವ್ವನಿಗೆ ಜಗಳಾಡಲು ಜೋಡಿಯಿಲ್ಲದೆ ಊಟ ರುಚಿಸದಾಯಿತು. ಮಗನ ಮೇಲೆ ಕೂಗಾಡಿ ನೋಡಿದಳು. ದುಂಡಪ್ಪ ತಿರುಗಿ ಒಂದು ಮಾತು ಆಡುತ್ತಿರಲಿಲ್ಲ. ಅಂಥವನ ಜೊತೆ ಎಷ್ಟು ಅಂತ ಜಗಳಾಡುವುದು?

ಐದು ತಿಂಗಳಾದ ಮೇಲೆ ಸೊಲ್ಲಾಪುರದ ಕಡೆಯವರೊಬ್ಬರು ಬಸ್ಸಿನಲ್ಲಿ ಸಿಕ್ಕರು. "ಖಾಜಾಬಿನೂ ಆ ದೊಡ್ಡದನ್ನ ಬಿಟ್ಟಾಳ ಯವ್ವಾ. ಈಗ ಓಣಿ ಅಂತ ಹೊಸಾದು ಬಂದೈತಲ್ಲ, ಅದರಾಗ ಅದಾಳಂತ" ಅಂದರು. ಅದರಲ್ಲಿ ಎಲ್ಲಿ ಅಂತ ಕೇಳುವಷ್ಟರಲ್ಲಿ ಅವರ ಸ್ಟಾಪು ಬಂತು, ಇಳಿದು ಹೋದರು.

ಶಿವಗಂಗವ್ವನ ಕಣ್ಣಿಗೆ ಫೋನಿನ ಅಕ್ಷರ ಈಗ ಇರುವೆ ಸಾಲಿನ ಹಾಗೆ ಕಾಣುತ್ತಿತ್ತು. ಇನ್ನು ಮಗನೇ ಗತಿ. ಅವನನ್ನು ಕರೆದುಕೊಂಡು ಲೈಬ್ರರಿಯ ಸುವರ್ಣಕ್ಕನ ಹತ್ತಿರ ಹೋದಳು. ಊರಿನಲ್ಲಿ ಈ ಹೊಸ ವಿದ್ಯೆ ಬಲ್ಲವಳು ಅವಳೊಬ್ಬಳೇ.

ಸುವರ್ಣಕ್ಕ ಬಿಡಿಸಿ ಹೇಳಿದಳು. "ಮೊದಲಿಂದು ಒಂದು ದೊಡ್ಡ ವಾಡೆ ಇದ್ದಂಗ ಯವ್ವಾ. ಮಾಲಕ ಒಬ್ಬನ. ಅವ ಹೊರಗ ಹಾಕಿದ್ನೋ, ಹೊರಗ. ಇದು ಹಂಗಲ್ಲ. ಇದು ಓಣಿ. ಓಣಿಯೊಳಗ ನೂರಾರು ಮನಿ. ಸರ್ವರ್ ಅಂತಾರ ಅದಕ್ಕ, ನೀವು ಮನಿ ಅನ್ರಿ ಸಾಕು. ಒಂದೊಂದು ಮನಿಗೆ ಒಬ್ಬೊಬ್ಬರು ಉಸ್ತುವಾರಿ, ಅವರವರ ರೀತಿ ಅವರವರಿಗೆ. ಇಡೀ ಓಣಿಗೆ ಮಾಲಕ ಅಂತ ಯಾರೂ ಇಲ್ಲ."

"ಹಂಗಾದ್ರ ಖಾಜಾ ಯಾವ ಮನಿಯಾಗ ಅದಾಳ?"

"ಅದನ್ನ ಹುಡುಕಬೇಕು ನೋಡ್ರಿ."

ಶಿವಗಂಗವ್ವ ಮಗನ ಕೈಗೆ ಫೋನು ಕೊಟ್ಟಳು. "ಮಗನ, ಒಂದು ಮನಿ ನೋಡಿ ಬರಬ್ಯಾಡ. ಎಲ್ಲಾ ಮನಿಗೂ ಹೋಗು, ಎಲ್ಲಾ ಮನಿಯಾಗೂ ಕೇಳು."

"ಹೂಂ ಯವ್ವಾ" ಅಂದ ದುಂಡಪ್ಪ.

ಹೋದ. ಒಂದನೇ ಮನೆಯಲ್ಲಿ ದುಂಡಪ್ಪ ಅಂತ ಖಾತೆ ತೆರೆದ. ಎರಡನೇ ಮನೆಯಲ್ಲಿ ದುಂಡಪ್ಪ ಅಂತ ಖಾತೆ ತೆರೆದ. ಮೂರನೇ ಮನೆಯಲ್ಲೂ ದುಂಡಪ್ಪ. ಹೀಗೆ ಹದಿನಾಲ್ಕು ಮನೆಯಲ್ಲಿ ಹದಿನಾಲ್ಕು ದುಂಡಪ್ಪಂದಿರು. ಒಂದನೇ ಮನೆಯಿಂದ ಕೇಳಿದ, "ನಮ್ಮ ಓಣಿ ಖಾಜಾಬಿ ಇಲ್ಲಿ ಅದಾಳೇನ್ರಿ?" ಎರಡನೇ ಮನೆಗೆ ಹೋದರೆ ಅಲ್ಲಿ ಆ ಪ್ರಶ್ನೆ ಕಾಣಿಸಿತು. ಪಾಪ ಯಾರೋ ಕೇಳುತ್ತಿದ್ದಾರೆ ಅಂತ ಉತ್ತರ ಬರೆದ, "ಇಲ್ಲರಿ, ನಾನೂ ಅಕೀನ್ನ ಹುಡುಕಾಕತ್ತೀನಿ." ಮೂರನೇ ಮನೆಯಿಂದ ಬರೆದ, "ನಾನೂ ರೀ." ಮೂರು ದಿನ ಹೀಗೇ ನಡೆಯಿತು. ನಾಲ್ಕನೇ ದಿನ ಕುಣಿಯುತ್ತ ಮನೆಗೆ ಬಂದ.

"ಯವ್ವಾ, ಖಾಜಾಬಿನ್ನ ಹುಡುಕಾವ್ರು ನಾವಷ್ಟ ಅಲ್ಲ. ಇನ್ನೂ ಹದಿಮೂರು ಮಂದಿ ಅದಾರ. ಭಾಳ ಒಳ್ಳೇ ಮಂದಿ. ಎಲ್ಲಾರ ಹೆಸರೂ ದುಂಡಪ್ಪ."

ಶಿವಗಂಗವ್ವ ಹಣೆ ಹಣೆ ಚಚ್ಚಿಕೊಂಡಳು. "ಹಂಗಲ್ಲೋ ನನ್ನ ಖೋಡಿ! ಅವರೆಲ್ಲಾರೂ ನೀನ ಅಲ್ಲೇನೋ?"

"ನೀ ಹೇಳಿದ್ದ ಮಾಡೀನಿ ಯವ್ವಾ."

ಸುವರ್ಣಕ್ಕ ನಕ್ಕು ತಿದ್ದಿದಳು. "ಎಲ್ಲಾ ಮನಿಗೂ ಹೋಗೋದು ಬ್ಯಾಡ ದುಂಡಪ್ಪ. ಒಂದ ಮನಿ ಹಿಡಿ. ಅಲ್ಲಿ ಕೂತು ಕೂಗಿದರ ಉಳಿದ ಮನಿಗಳಿಗೂ ಹೋಗಿ ಮುಟ್ಟತೈತಿ." ಶಿವಗಂಗವ್ವನೂ ಹೇಳಿದಳು, "ಕೇಳಿದ್ಯಾ? ಒಂದ ಕಡೆ ಕೂತು ಕೂಗು."

"ಹೂಂ ಯವ್ವಾ. ಇನ್ನ ಹಂಗ ಮಾಡತೀನಿ."

ಹದಿಮೂರು ಖಾತೆ ಮುಚ್ಚಿ ಒಂದನ್ನು ಉಳಿಸಿಕೊಂಡ. ಯಾವುದನ್ನು? ಚಿತ್ರ ಚೆಂದ ಇತ್ತು ಅಂತ ಗುಲಾಬಿ ಬೆಳೆಯುವವರ ಮನೆಯನ್ನು. ಅಲ್ಲಿ ಕೂತ, ಕೂಗಿದ. "ಖಾಜಾಬೀ." ಕಾಲು ತಾಸು ಬಿಟ್ಟು ಮತ್ತೆ, "ಖಾಜಾಬೀ." ಉಂಡು ಬಂದು ಮತ್ತೆ, "ಖಾಜಾಬೀ." ದಿನಕ್ಕೆ ನಲವತ್ತು ಸಲ. ಗುಲಾಬಿ ಮಂದಿ ಮೊದಲು ಆಸೆಯಿಂದಲೇ ಬಂದರು.

"ಖಾಜಾಬಿ ಹೊಸ ತಳಿಯೇ? ಯಾವ ಬಣ್ಣ?" ಅಂತ ಒಬ್ಬರು ಕೇಳಿದರು.

"ಎಣ್ಣಿಗೆಂಪು ರೀ" ಅಂತ ದುಂಡಪ್ಪ ಬರೆದ.

"ಮುಳ್ಳು ಇದೆಯೇ?"

"ಬಾಯಾಗ ಐತ್ರಿ."

ಆ ಮನೆಯ ಉಸ್ತುವಾರಿ ವೆಂಕಣ್ಣ ಅನ್ನುವವರು. ಸಂಬಳವಿಲ್ಲದೆ, ಹಗಲೆಲ್ಲ ನರ್ಸರಿಯಲ್ಲಿ ದುಡಿದು ಬಂದು ಆ ಮನೆ ನೋಡಿಕೊಳ್ಳುತ್ತಿದ್ದ ಸಮಾಧಾನದ ಮನುಷ್ಯ. ಅವರು ಬರೆದರು, "ತಮ್ಮಾ, ಇಲ್ಲಿ ನಾವು ಗಿಡದ ಮಾತು ಆಡುತ್ತೇವೆ. ದಿನಕ್ಕೆ ನಲವತ್ತು ಸಲ ಅಜ್ಜಿಯನ್ನು ಕರೆದರೆ ಉಳಿದವರ ಮಾತು ಕೇಳಿಸುವುದಿಲ್ಲ. ನಿನಗೆ ಹೊಂದುವ ಮನೆ ನೋಡಿಕೋ." ಅಷ್ಟು ಒಳ್ಳೇ ಮಾತಿನಲ್ಲಿ ನನ್ನನ್ನು ಯಾರೂ ಹೊರಗೆ ಹಾಕಿಲ್ಲ.

ಮತ್ತೆ ಬೈಗುಳ. "ಹಂಗಲ್ಲೋ ನನ್ನ ಖೋಡಿ! ಕೌದಿಯವರನ್ನ ಗುಲಾಬಿ ಗಿಡದಾಗ ಹುಡಕತಾರೇನೋ?"

"ಒಂದ ಕಡೆ ಕೂತು ಕೂಗು ಅಂದಿದ್ದಿ ಯವ್ವಾ."

ಸುವರ್ಣಕ್ಕ ಅಂದಳು, "ಹೊಲಿಗಿ ಮಂದಿದೊಂದು ಮನಿ ಐತಿ, ಅಲ್ಲಿಗೆ ಹೋಗು. ಈ ಓಣಿಯಾಗ ಗಂಟುಮೂಟಿ ಕಟಗೊಂಡು ಮನಿ ಬದಲಾಯಿಸಾಕ ಬರತೈತಿ, ನಿನ್ನ ಗುರುತಿನವರೂ ನಿನ್ನ ಹಿಂದ ಬರತಾರ. ಹೋದ ಮ್ಯಾಲೆ ಬಾಗಿಲದಾಗಿನ ಬೋರ್ಡು ಓದು. ಅದರಾಗ ಬರದಂಗ ನಡಿ."

"ಹೂಂ ಅಕ್ಕಾ. ಇನ್ನ ಹಂಗ ಮಾಡತೀನಿ."

ಮರುದಿನ ಬೆಳಿಗ್ಗೆ ಹಾಸಿಗೆ ಸುತ್ತಿ, ತಾಟು ತಂಬಿಗೆ ಕಟ್ಟಿಕೊಂಡು ಲೈಬ್ರರಿಗೆ ಬಂದು ಕೂತ. ಗಂಟುಮೂಟೆ ಅಂದಿದ್ದಳಲ್ಲ. ಸುವರ್ಣಕ್ಕ ಹಾಸಿಗೆಯನ್ನು ಪೇಪರ್ ಓದುವವರ ಬೆಂಚಿನ ಕೆಳಗೆ ತಳ್ಳಿ, ಫೋನಿನಲ್ಲೇ ಮನೆ ಬದಲಾಯಿಸಿ ಕೊಟ್ಟಳು.

ಹೊಲಿಗೆಯವರ ಮನೆಯ ಬೋರ್ಡಿನಲ್ಲಿ ಹೀಗಿತ್ತು: "ನೋಡಿದವರಿಗೆ ನೋವಾಗುವಂಥದ್ದು ಇದ್ದರೆ ಅದರ ಮೇಲೆ ಮುಸುಕು ಹಾಕಿ. ಒಳಗೆ ಏನಿದೆ ಅಂತ ಮೇಲೆ ಒಂದು ಸಾಲು ಬರೆಯಿರಿ. ಬೇಕಾದವರು ತೆಗೆದು ನೋಡುತ್ತಾರೆ." ದುಂಡಪ್ಪ ಎರಡು ಸಲ ಓದಿದ. ಯೋಚಿಸಿದ. ಖಾಜಾಬಿಯ ಹೆಸರು ಎತ್ತಿದರೆ ಅವ್ವನಿಗೆ ನೋವಾಗುತ್ತೆ. ಅಂದ ಮೇಲೆ ಇದು ನೋವಿನದ್ದೇ. ಖಾಜಾಬಿಯ ಊರು, ಚಹರೆ, ಮಗಳ ಹೆಸರು, ಎಲ್ಲವನ್ನೂ ಒಪ್ಪವಾಗಿ ಬರೆದ, ಮುಸುಕು ಹಾಕಿದ, ಮೇಲೆ ಒಂದು ಸಾಲು ಬರೆದ: "ನೋವಾಗುತ್ತದೆ, ತೆಗೆಯಬೇಡಿ."

ಒಳ್ಳೇ ಮಂದಿ, ಯಾರೂ ತೆಗೆಯಲಿಲ್ಲ. ನಾಲ್ಕು ದಿನ ಹೋಯಿತು, ಎಂಟು ದಿನ ಹೋಯಿತು. ಒಂಬತ್ತನೇ ದಿನ ಶಿವಗಂಗವ್ವ ಗೋಡೆ ನೋಡಿದರೆ ತೀರಿಹೋದ ಗಂಡನ ಫೋಟೋದ ಮೇಲೆ ಟವೆಲು ಇಳಿಬಿಟ್ಟಿದೆ.

"ಇದ್ಯಾಕೋ ದುಂಡ್ಯಾ?"

"ನೋಡಿದಾಗೊಮ್ಮೆ ಅಳತೀಯಲ್ಲ ಯವ್ವಾ. ನೋವಾಗೋದಕ್ಕ ಮುಸುಕು ಹಾಕಬೇಕಂತ."

ಶಿವಗಂಗವ್ವನಿಗೆ ಬೈಯಲು ಬಾಯಿ ಬರಲಿಲ್ಲ. ಸುಮ್ಮನೆ ಟವೆಲು ತೆಗೆದು ಅವನ ಹೆಗಲಿಗೆ ಹಾಕಿದಳು. ಪೆದ್ದ ಹೌದು, ಆದರೆ ತಾಯಿ ಅಳುವುದು ಅವನಿಗೆ ಕಾಣುತ್ತಿತ್ತು. ಕಾಣದ ಜಾಣರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಆಮೇಲೆ ಫೋನಿನೊಳಗಿನ ಮುಸುಕಿನ ಸಂಗತಿ ಗೊತ್ತಾಯಿತು ನೋಡಿ, ಹೋದ ಬಾಯಿ ತಿರುಗಿ ಬಂತು.

"ಹಂಗಲ್ಲೋ ನನ್ನ ಖೋಡಿ! ಹುಡುಕಾಕ ಹೋದಾಕಿನ್ನ ಮುಚ್ಚಿಟ್ಟು ಬಂದ್ಯಲ್ಲೋ!"

ಸುವರ್ಣಕ್ಕ ಮುಸುಕು ತೆಗೆಸಿದಳು. "ಇನ್ನೊಂದು ಮಾತು ಕೇಳು ದುಂಡಪ್ಪ. ಆ ದೊಡ್ಡ ವಾಡೇದಾಗ ಯಾರಿಗೆ ಏನು ತೋರಸಬೇಕು ಅಂತ ಮ್ಯಾಲೆ ಒಂದು ಯಂತ್ರ ಕೂತಿರತಿತ್ತು. ಇಲ್ಲಿ ಅದಿಲ್ಲ. ಕೈಯಿಂದ ಕೈಗೆ ಹೋದ್ರ ಮಾತು ಮುಂದ ಹೋಗತೈತಿ. ಮಂದಿ ಹೇಳಿದ್ದನ್ನ ನೀ ದಾಟಿಸು, ನೀ ಹೇಳಿದ್ದನ್ನ ಮಂದಿ ದಾಟಸ್ತಾರ."

"ಹೂಂ ಅಕ್ಕಾ. ಇನ್ನ ಹಂಗ ಮಾಡತೀನಿ."

ದಾಟಿಸಿದ. ಕಂಡದ್ದೆಲ್ಲ ದಾಟಿಸಿದ. ಯಾರೋ ಕಸೂತಿ ಹಾಕಿದ್ದು, ದಾಟಿಸಿದ. ಯಾರದೋ ಬೆಕ್ಕು ಮರಿ ಹಾಕಿದ್ದು, ದಾಟಿಸಿದ. ಹೊಲಿಗೆ ಮನೆಯ ಒಬ್ಬ ಸೊಸೆ ಬರೆದಿದ್ದಳು, "ನಮ್ಮತ್ತೆ ಮಾಡಿದ ಸಾರನ್ನು ನಾಯಿಯೂ ಮುಟ್ಟಲ್ಲ, ಯಾರೂ ಮುಂದೆ ಹೇಳಬೇಡಿ." ಅದನ್ನೂ ದಾಟಿಸಿದ. ಅತ್ತೆ ಪಕ್ಕದ ಮನೆಯಲ್ಲೇ ಖಾತೆ ಇಟ್ಟಿದ್ದಳು. ಸುಳ್ಳು ಹಬ್ಬಿಸುವುದನ್ನೇ ಕಸುಬು ಮಾಡಿಕೊಂಡ ಇನ್ನೊಂದು ಮನೆ ಇತ್ತು, ಅಲ್ಲಿಂದ ಒಬ್ಬ ಕೂಗಿದ್ದ, "ನಾಳೆಯಿಂದ ದೇಶದಲ್ಲಿ ಸೂಜಿ ಸಿಗುವುದಿಲ್ಲ." ದುಂಡಪ್ಪ ಅದನ್ನು ಮೂರು ಸಲ ದಾಟಿಸಿದ. ಸಂಜೆಯೊಳಗೆ ಹೊಲಿಗೆ ಮಂದಿಯೆಲ್ಲ ಅಂಗಡಿ ಅಂಗಡಿ ತಿರುಗಿ ಸೂಜಿ ಬಾಚಿಕೊಂಡು ಬಂದರು.

ಹೊಲಿಗೆ ಮನೆಯ ಉಸ್ತುವಾರಿ ಜಯಶೀಲಾ ಅನ್ನುವ ಗಟ್ಟಿಗಿತ್ತಿ. ಆ ಸುಳ್ಳಿನ ಮನೆಗೆ ಪೂರ್ತಿ ಬಾಗಿಲು ಹಾಕಿದಳು. ಇನ್ನು ಅಲ್ಲಿಯ ಮಾತು ಇಲ್ಲಿಗಿಲ್ಲ, ಇಲ್ಲಿಯದು ಅಲ್ಲಿಗಿಲ್ಲ. ದುಂಡಪ್ಪನಿಗೂ ನಾಲ್ಕು ಮಾತು ಬಿತ್ತು. ಮನೆಯಲ್ಲಿ ಅವ್ವನಿಂದ ಎಂಟು ಬಿತ್ತು.

"ಹಂಗಲ್ಲೋ ನನ್ನ ಖೋಡಿ! ಕಂಡಕಂಡವರ ಮಾತು ಹೊತಗೊಂಡು ತಿರಗತಾರೇನೋ? ಆ ಜಯಶೀಲಾನ್ನ ನೋಡು, ಬಾಗಿಲಾ ಹಾಕಿದಳು. ನೀನೂ ಹಂಗ ಮಾಡು. ಗುರುತಿಲ್ಲದವರು ಬಂದು ಬಾಯಿ ಮಾಡಿದ್ರ ಬಾಗಿಲಾ ಹಾಕು."

"ಹೂಂ ಯವ್ವಾ. ಇನ್ನ ಹಂಗ ಮಾಡತೀನಿ."

ಒಂದು ವಾರ ಎಲ್ಲ ತೆಪ್ಪಗಿತ್ತು. ಶಿವಗಂಗವ್ವ ಒಬ್ಬಳೇ ಕಟ್ಟೆಯ ಮೇಲೆ ಕೂತು ಹೊಲಿಯುತ್ತಿದ್ದಳು. ಸೂಜಿಗೆ ದಾರ ಪೋಣಿಸಲು ನಾಲ್ಕು ಸಲ ನೋಡಿ, ಐದನೇ ಸಲ ಮಗನಿಗೆ ಕೊಡುತ್ತಿದ್ದಳು. ಇನ್ನು ಖಾಜಾ ಸಿಕ್ಕರೂ ಅವಳ ಮುಖ ಕಾಣಬೇಕಲ್ಲ ಅನ್ನುವ ಚಿಂತೆ ಅವಳಿಗೆ. ಅದನ್ನು ಯಾರಿಗೂ ಹೇಳಲಿಲ್ಲ. ಹೇಳಬೇಕಾದವಳು ಎದುರಿಗೆ ಇರಲಿಲ್ಲ.

ಎಂಟನೇ ದಿನ ದುಂಡಪ್ಪ ಎದೆ ಉಬ್ಬಿಸಿಕೊಂಡು ಬಂದ.

"ಯವ್ವಾ, ಇವತ್ತ ನೀ ಹೇಳಿದಂಗ ಮಾಡಿದೆ. ಯಾರೋ ಒಬ್ಬಾಕಿ ಬಂದಿದ್ದಳು. ಹೆಸರಿಲ್ಲ, ಮುಖ ಇಲ್ಲ. ಬರೇ 'ಸೊಲ್ಲಾಪುರ ಕೌದಿ' ಅಂತ ಹಾಕ್ಕೊಂಡಾಳ. ಬಾಯಿ ಭಾಳ ಕೆಟ್ಟದು. ನಿನ್ನ ಹೆಸರು ಹಿಡದು ಬೈದಳು."

ಶಿವಗಂಗವ್ವನ ಕೈಯಲ್ಲಿ ಸೂಜಿ ನಿಂತಿತು. "ಏನಂತ ಬೈದಳು?"

"ನಿಮ್ಮವ್ವ ಸತ್ತಾಳೋ ಅದಾಳೋ ಅಂದಳು. ಆರು ತಿಂಗಳಾತು ಒಂದು ಮಾತಿಲ್ಲ, ಅಕೀಗೆ ಸೊಕ್ಕು ಬಂದೈತಿ ಅಂದಳು. ಅಕೀಗೆ ಸೂಜಿ ಹಿಡಿಯೋದು ಕಲಿಸಿದಾಕಿ ನಾನು ಅಂದಳು."

"ಇನ್ನೊಮ್ಮೆ ಹೇಳೋ."

"ಅಕೀಗೆ ಸೂಜಿ ಹಿಡಿಯೋದು ಕಲಿಸಿದಾಕಿ ನಾನು, ಇವತ್ತಿಗೂ ಅಕೀ ಹೊಲಿಗಿ ಟಾಕಿ ಡೊಂಕು ಅಂದಳು."

ಶಿವಗಂಗವ್ವ ನಕ್ಕಳು. ಆರು ತಿಂಗಳಲ್ಲಿ ಮೊದಲನೇ ಸಲ. ನಗುತ್ತ ನಗುತ್ತ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಖಾಜಾನ ಅದು. ನನ್ನ ಖಾಜಾನ. ಮುಂದ ಏನಂದಳು?"

"ಮುಂದೇನಿಲ್ಲ ಯವ್ವಾ. ಗುರುತಿಲ್ಲದಾಕಿ ಬಾಯಿ ಮಾಡಾಕತ್ತಿದ್ದಳು. ಬಾಗಿಲಾ ಹಾಕಿದೆ. ಬ್ಲಾಕ್ ಮಾಡಿದೆ."

ಅವತ್ತು ಬೈಗುಳ ಇಡೀ ಓಣಿಗೆ ಕೇಳಿಸಿತು. ಫೋನಿನ ಓಣಿಯಲ್ಲ, ಮಣ್ಣಿನ ಓಣಿ. ಬೈದು ಬೈದು ಸುಸ್ತಾಗಿ ಕೊನೆಗೆ ಶಿವಗಂಗವ್ವ ಅತ್ತುಬಿಟ್ಟಳು. ದುಂಡಪ್ಪ ಓಡಿಹೋಗಿ ಸುವರ್ಣಕ್ಕನನ್ನು ಕರೆತಂದ. ಸುವರ್ಣಕ್ಕ ಹಾಕಿದ ಬಾಗಿಲು ತೆಗೆದು, "ಇನ್ನೇನೂ ಕೆಟ್ಟಿಲ್ಲ ಯವ್ವಾ, ಈಗ ಅಕೀಗೆ ಫೋನಿನಾಗ ಒಂದು ಕಾಗದ ಬರೀರಿ" ಅಂದಳು. ದುಂಡಪ್ಪನಿಗೂ ಹೇಳಿದಳು, "ನೋಡು, ಕಳಸೂ ಮುಂಚೆ ಅದು ಕೇಳತೈತಿ: ಒಬ್ಬರಿಗೋ ಎಲ್ಲಾರಿಗೋ ಅಂತ. ಅವ್ವನ್ನ ಕೇಳಿ ಒತ್ತು." ಹೇಳಿ ಲೈಬ್ರರಿಗೆ ಹೊತ್ತಾಯಿತು ಅಂತ ಹೋದಳು.

ಶಿವಗಂಗವ್ವ ಮೊದಲು ಮಗನಿಗೆ ಬುದ್ಧಿ ಹೇಳಿದಳು. "ಇನ್ನ ಮ್ಯಾಲೆ ಯಾರಿಗೂ ಬಾಗಿಲಾ ಹಾಕಬ್ಯಾಡ. ಎಲ್ಲಾರಿಗೂ ತೆರದಿಡು. ತಿಳೀತಾ?"

"ಎಲ್ಲಾರಿಗೂ. ಹೂಂ ಯವ್ವಾ."

ಆಮೇಲೆ ಕಾಗದ ಹೇಳಿ ಬರೆಸಿದಳು. "ಬೈಯೋದಿದ್ರ ಎದುರಿಗೆ ಬಂದು ಬೈಯಿ. ಭಾನುವಾರ ಬಾ. ಮನಿ ಮರತಿದ್ದೀಯೋ ಏನೋ, ಹಳೇ ಬಸ್ ಸ್ಟ್ಯಾಂಡಿನ ಹಿಂದಿನ ಓಣಿ, ಅದ ಹಸಿರು ಬಾಗಿಲಾ. ಹೋಳಿಗಿ ಮಾಡಿರತೀನಿ. ನೀ ಬರದಿದ್ರ ನನಗ ಉಣ್ಣಾಕ ಆಗೂದಿಲ್ಲ."

ಬರೆದಾಯಿತು. ಫೋನು ಕೇಳಿತು, ಒಬ್ಬರಿಗೋ ಎಲ್ಲರಿಗೋ. ಅವ್ವನನ್ನು ಕೇಳುವುದೇನಿದೆ, ಈಗಷ್ಟೇ ಹೇಳಿದ್ದಾಳಲ್ಲ. ದುಂಡಪ್ಪ "ಎಲ್ಲರಿಗೂ" ಅನ್ನುವುದನ್ನು ಒತ್ತಿದ.

ಅದನ್ನು ಓದಿದ ಹೊಲಿಗೆ ಮಂದಿಗೆ ಕರುಳು ಚುರುಕ್ ಅಂದಿತು. ಇಷ್ಟು ಪ್ರೀತಿಯಿಂದ ಈಗಿನ ಕಾಲದಲ್ಲಿ ಯಾರು ಕರೆಯುತ್ತಾರೆ? ದಾಟಿಸಿದರು. ಗುಲಾಬಿ ಮನೆಗೆ ಮುಟ್ಟಿತು, ಅಲ್ಲಿಂದ ಅಡುಗೆಯವರ ಮನೆಗೆ, ಅಲ್ಲಿಂದ ಎಲ್ಲೆಲ್ಲಿಗೋ.

ಭಾನುವಾರ ಬೆಳಿಗ್ಗೆ ಶಿವಗಂಗವ್ವ ಹನ್ನೆರಡು ಹೋಳಿಗೆ ಮಾಡಿಟ್ಟು, ಒಗೆದ ಸೀರೆ ಉಟ್ಟು ಕೂತಳು. ಮೊದಲು ವೆಂಕಣ್ಣ ಬಂದರು, ಕೈಯಲ್ಲಿ ಗುಲಾಬಿ ಸಸಿ. ಹಿಂದೆಯೇ ಆರು ಜನ ಗುಲಾಬಿಯವರು. ಜಯಶೀಲಾ ಒಂದು ಟೆಂಪೋ ತುಂಬ ಹೊಲಿಗೆ ಮಂದಿಯನ್ನು ಕರೆತಂದಳು. ಸಾರಿನ ಸೊಸೆ ಬಂದಳು, ಅವಳ ಹಿಂದೆ ಅತ್ತೆಯೂ ಬಂದಳು. "ಬೈಯೋದಿದ್ದರೆ ಬನ್ನಿ ಅಂದಿದ್ದರಲ್ಲ, ನಮ್ಮದೂ ಸ್ವಲ್ಪ ಇದೆ" ಅಂದಳು ಅತ್ತೆ. ಹತ್ತೂವರೆಗೆ ಆ ಎರಡು ಕೋಣೆಯ ಮನೆಯಲ್ಲಿ ನಲವತ್ತು ಜನ. ಹೋಳಿಗೆ ಯಾವಾಗ ಖಾಲಿಯಾಯಿತೋ ಯಾರಿಗೂ ಗೊತ್ತಿಲ್ಲ. ದುಂಡಪ್ಪ ಬಾಗಿಲಲ್ಲಿ ನಿಂತು ಎಲ್ಲರನ್ನೂ ಕೈಮುಗಿದು ಒಳಗೆ ಕರೆಯುತ್ತಿದ್ದ.

ಹನ್ನೊಂದರ ಬಸ್ಸಿಗೆ ಖಾಜಾಬಿ ಬಂದಳು. ಒಳಗೆ ಕಾಲಿಡಲು ಜಾಗವಿಲ್ಲ. ಜನರ ತೋಳಿನ ಕೆಳಗಿಂದ ನುಸುಳಿಕೊಂಡು ಶಿವಗಂಗವ್ವ ಹೊರಗೆ ಬಂದಳು. ಹತ್ತಿರ ಹೋಗಿ, ಇನ್ನೂ ಹತ್ತಿರ ಹೋಗಿ, ಮುಖಕ್ಕೆ ಮುಖ ತಾಗುವಷ್ಟು ಹತ್ತಿರ ಹೋಗಿ ನೋಡಿದಳು.

"ಸೊರಗೀಯಲ್ಲೇ ಖಾಜಾ."

"ನಿನಗ ಕಣ್ಣ ಕಾಣೂದಿಲ್ಲ, ಸೊರಗಿದ್ದೇನು ಕಂಡೀತು? ಮಂದೀನ್ಯಾಕ ಕೂಡಿಸೀ? ನಾ ಏನು ಮಂತ್ರಿನೇನ?"

ಒಳಗೆ ಗದ್ದಲವೋ ಗದ್ದಲ. ಒಬ್ಬರ ಮಾತು ಒಬ್ಬರಿಗೆ ಕೇಳದು. ಶಿವಗಂಗವ್ವ ಸಿಟ್ಟಿನಿಂದ ಮಗನಿಗೆ ಹೇಳಿದಳು, "ದುಂಡ್ಯಾ, ಈ ಮಂದಿ ಕಾಟ ಸಾಕು. ನಾವಿಬ್ಬರೂ ಮಾತಾಡಬೇಕು. ಬಾಗಿಲಾ ಹಾಕು, ಕೀಲಿ ಜಡಿ, ಒಬ್ಬರನ್ನೂ ನಮ್ಮ ಹತ್ತರ ಬಿಡಬ್ಯಾಡ."

"ಹೂಂ ಯವ್ವಾ."

ಹಾಕಿದ. ನಲವತ್ತು ಜನರನ್ನೂ ಒಳಗೇ ಬಿಟ್ಟು ಹೊರಗಿನಿಂದ ಬಾಗಿಲು ಹಾಕಿದ, ಕೊಂಡಿ ಸಿಕ್ಕಿಸಿದ, ಕೀಲಿ ಜಡಿದ. ಮನೆಯೊಡತಿ ಬೀದಿಯಲ್ಲಿ, ಬೀದಿಯವರೆಲ್ಲ ಮನೆಯಲ್ಲಿ. ಒಳಗಿನಿಂದ ಬಾಗಿಲು ಬಡಿದರು.

"ಯಾರದು?" ಅಂದ ದುಂಡಪ್ಪ.

"ನಾವಪ್ಪಾ, ಒಳಗಿನವರು. ತೆಗಿ."

"ಅವ್ವ ಮಾತಾಡಾಕತ್ತಾಳ. ಆಮ್ಯಾಲೆ ಬರ್ರಿ."

ಶಿವಗಂಗವ್ವ ವಾಡಿಕೆಯಂತೆ ಹಣೆಗೆ ಕೈ ಎತ್ತಿದಳು. ಹಂಗಲ್ಲೋ ಅನ್ನುವಷ್ಟರಲ್ಲಿ ಖಾಜಾಬಿ ಆ ಕೈ ಹಿಡಿದು ಕಟ್ಟೆಯ ಮೇಲೆ ಕೂಡಿಸಿದಳು. ಕಟ್ಟೆಯ ಮೇಲೆ ಇಬ್ಬರೇ. ಬೀದಿಯಲ್ಲಿ ನರಪಿಳ್ಳೆ ಇಲ್ಲ.

"ಬೈಬ್ಯಾಡ ಗಂಗಾ. ಹುಟ್ಟಿದಾಗಿಂದ ಇವತ್ತೊಂದ ದಿನ ಬರೋಬ್ಬರಿ ಕೆಲಸ ಮಾಡ್ಯಾನ."

ಶಿವಗಂಗವ್ವ ಬಾಗಿಲು ನೋಡಿದಳು, ಖಾಜಾಬಿಯನ್ನು ನೋಡಿದಳು. ಎತ್ತಿದ ಕೈಯಿಂದ ಮಗನ ತಲೆ ಸವರಿದಳು. "ಶಾಣ್ಯಾ ನನ್ನ ಮಗ. ಆ ಕೀಲಿಕೈ ಜ್ವಾಕಿ. ಸಂಜೀತನಕ ಯಾರ ಕೈಗೂ ಸಿಗಬಾರದು ನೋಡು."

ಶಾಣ್ಯಾ ಅಂತ ಅವ್ವನ ಬಾಯಿಂದ ಕೇಳಿದ್ದು ದುಂಡಪ್ಪನಿಗೆ ಅದೇ ಮೊದಲು. ಕಣ್ಣಲ್ಲಿ ನೀರು ಬಂತು. ಕೀಲಿಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಓಣಿಯ ತುದಿಯ ಬಾವಿಯ ತನಕ ಹೋದ. ತಿರುಗಿ ಬರುವಾಗ ಎರಡೂ ಕೈ ಖಾಲಿ.

"ಯವ್ವಾ, ಇನ್ನ ಯಾರ ಕೈಗೂ ಸಿಗೂದಿಲ್ಲ."

ಇದೆಲ್ಲ ನಿನಗೆ ಹೇಗೆ ಗೊತ್ತು ಅಂತೀರಾ? ಒಳಗಿದ್ದ ನಲವತ್ತು ಜನರಲ್ಲಿ ನಾನೂ ಒಬ್ಬ. ಬಡಿಗೇರ ಬಂದು ಕೊಂಡಿ ಮುರಿಯುವ ಹೊತ್ತಿಗೆ ದೀಪ ಹಚ್ಚುವ ಸಮಯ. ಅಲ್ಲಿಯವರೆಗೆ ಕಿಟಕಿಗೆ ಕಿವಿ ಕೊಟ್ಟು ಆ ಇಬ್ಬರು ಮುದುಕಿಯರ ಜಗಳ ಕೇಳಿದೆ. ಬಡಿಗೇರನಿಗೆ ಇಷ್ಟು ಬೇಗ ಯಾಕೆ ಬಂದೆ ಅಂತ ಖಾಜಾಬಿ ಬೈದದ್ದೂ ಕೇಳಿದೆ.